ಒಂದೊಂದಾಗಿಯೋ, ಒಟ್ಟೊಟ್ಟಿಗೋ?

ವರದಿ ಬರೆಯುವುದು, ಲೆಕ್ಕ ತಾಳೆ ನೋಡುವುದು, ಪರೀಕ್ಷೆಗೆ ಓದುವುದು ಮುಂತಾದ ಕೆಲಸಗಳಿಗೆ ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯುವ ಕ್ರಮವೇ ಮೇಲು. ಯೋಚನೆ ಬೇಡುವ ಎರಡು ಕೆಲಸಗಳನ್ನು ಮೆದುಳು ನಿಜಕ್ಕೂ ಒಟ್ಟಿಗೆ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಪ್ರತಿ ಜಿಗಿತಕ್ಕೂ ಅಷ್ಟಿಷ್ಟು ಸಮಯ ತೆರುತ್ತದೆ. ಜಿಎಸ್‌ಟಿ ಲೆಕ್ಕದ 30ನೆಯ ಸಾಲಿನಲ್ಲಿದ್ದಾಗ ವಾಟ್ಸ್‌ಆಪ್ ಸಂದೇಶವೊಂದಕ್ಕೆ ಉತ್ತರಿಸಿ ಮರಳಿದರೆ, ಬೆರಳು 26ನೆಯ ಸಾಲಿಗೆ ಹೋಗಿ ಮತ್ತೆ ಕೂಡತೊಡಗುವುದು ಇದೇ ಕಾರಣಕ್ಕೆ. ರೂಢಿಯಾದರೆ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ: 2009ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಹಲವು ಮಾಧ್ಯಮಗಳನ್ನು ಒಟ್ಟಿಗೆ ಬಳಸುವ ಅಭ್ಯಾಸ ಹೆಚ್ಚಿದ್ದವರೇ ಕೆಲಸ ಬದಲಿಸುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು.

ಕೈಗೆ ಒಗ್ಗಿದ ಕೆಲಸಗಳ ಮಾತು ಬೇರೆ. ಕುಕ್ಕರ್ ಮೂರು ಸೀಟಿ ಕೂಗುವವರೆಗೆ ತರಕಾರಿ ಹೆಚ್ಚದೆ ಕೈಕಟ್ಟಿ ನಿಲ್ಲುವುದು ಏಕಾಗ್ರತೆಯಲ್ಲ, ಕಾಲಹರಣ.

ಹಾಗಾದರೆ ಎಂಟು ಮಂದಿ ಪೃಚ್ಛಕರನ್ನು, ಅಂದರೆ ಪ್ರಶ್ನೆ ಕೇಳುವವರನ್ನು, ಒಂದೇ ಸಭೆಯಲ್ಲಿ ಎದುರಿಸಿ ಪದ್ಯ ಕಟ್ಟುವ ಅಷ್ಟಾವಧಾನಿಯ ಕಥೆಯೇನು ಎಂದು ಕೇಳಬಹುದು. ಸೂಕ್ಷ್ಮವಾಗಿ ನೋಡಿದರೆ ಅಲ್ಲಿಯೂ ಸುತ್ತಿಗೊಂದು ಪಾದದಂತೆ, ಒಬ್ಬರ ಸಮಸ್ಯೆಗೆ ಒಂದು ಸಾಲು ಕಟ್ಟಿ ಮುಂದಿನವರತ್ತ ತಿರುಗುವ ಕ್ರಮವೇ ಇದೆ. ನಡುವೆ ತಲೆಹರಟೆ ಪ್ರಶ್ನೆ ಎಸೆಯುವ ಅಪ್ರಸ್ತುತ ಪ್ರಸಂಗಿ ಫೋನಿನ ಸ್ಥಾನದಲ್ಲಿರುವವರು.

ಕೌಂಟರಿನಲ್ಲಿ ಕೂರುವವರಿಗೆ ಕರೆಗಳನ್ನು ತಡೆಯುವ ಸ್ವಾತಂತ್ರ್ಯವಿರುವುದಿಲ್ಲ. ಅಂಥವರು ಎದ್ದು ಹೋಗುವ ಮುನ್ನ ಎಲ್ಲಿ ನಿಲ್ಲಿಸಿದೆವೆಂದು ಚೀಟಿಯಲ್ಲಿ ಒಂದು ಸಾಲು ಗುರುತು ಹಾಕಿಕೊಂಡರೆ ಮರಳುವ ದಾರಿ ಹತ್ತಿರವಾಗುತ್ತದೆ. ಉಳಿದವರು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎನ್ನುವ ಪೊಮೊಡೊರೊ ಪದ್ಧತಿಯಿಂದ ಆರಂಭಿಸಬಹುದು. ಫೋನು ಮಾತ್ರ ಆಗ ಪಕ್ಕದ ಕೋಣೆಯಲ್ಲಿರಲಿ.