ಎಲೆ ಉದುರೋದು ನಿಲ್ಸೋ ಹಾರ್ಮೋನ್ ಸ್ಪ್ರೇ: ರೋಗ ಬಂದ ಗಿಡಕ್ಕಂತೂ ಬೇಡ

ಎರಡು ಸ್ಟಾರ್. ಅದೂ ಒಳಗೇನಿದೆ ಅಂತ ಬಾಟಲಿ ಮೇಲೆ ನೆಟ್ಟಗೆ ಬರ್ದಿದಾರೆ ಅನ್ನೋ ಕಾರಣಕ್ಕೆ. ಎನ್‌ಎಎ ಶೇ 4.5, ಅಂದ್ರೆ ಕೃತಕ ಆಕ್ಸಿನ್ (ಆಕ್ಸಿನ್ ಅಂದ್ರೆ ಗಿಡದ ಒಂದು ಹಾರ್ಮೋನ್). ಹೂ, ಮಿಡಿ ಉದುರದೇ ಇರ್ಲಿ ಅಂತ ಇದನ್ನ ಹೊಡೀತಾರೆ, ಅದು ಸರಿನೇ, ಆದ್ರೆ ಇವ್ರು ‘ಎಲೆನೂ ಉದುರಲ್ಲ’ ಅಂತ ಸೇರ್ಸಿದಾರಲ್ಲ, ನನ್ನ ತಕರಾರು ಅಲ್ಲೇ.

ಗುಲಾಬಿಗೆ ಕಪ್ಪು ಚುಕ್ಕೆ ರೋಗ ಬಂದು ಎಲೆ ಹಳದಿ ಆಗಿ ಬೀಳ್ತಿತ್ತು, ಹೊಡೆದ್ರೆ ಚುಕ್ಕೆಗೆ ಏನೂ ಆಗ್ಲಿಲ್ಲ. ಆಗೋದೂ ಇಲ್ಲ, ಇದು ಫಂಗಸ್ ಔಷಧಿನೇ ಅಲ್ವಲ್ಲ. ತೊಟ್ಟಿನ ಬುಡದಲ್ಲಿ ಸಣ್ಣ ಕೋಶಗಳ ಒಂದು ಪದರ ಇರತ್ತೆ, ಚೆನ್ನಾಗಿರೋ ಎಲೆಯಿಂದ ಆಕ್ಸಿನ್ ಬರ್ತಾ ಇರೋವರ್ಗೂ ಅದು ಸುಮ್ನಿರತ್ತೆ, ರೋಗ ತಗುಲಿದ್ರೆ ಎಥಿಲೀನ್ (ಎಲೆ, ಕಾಯಿ ಉದುರಿಸೋ ಹಾರ್ಮೋನ್) ಏರಿ ಎಂಜೈಮುಗಳು ಆ ಕೋಶಗಳ ನಡುವಿನ ಪೆಕ್ಟಿನ್ ಅಂಟನ್ನ ಕರಗಿಸ್ತವೆ, ಎಲೆ ಕಳಚ್ಕೊಂಡು ಬೀಳತ್ತೆ, ಗಾಯದ ಜಾಗ ಸುಬೆರಿನ್ ಅನ್ನೋ ಬೆಂಡಿನಂಥ ಪದಾರ್ಥ ತುಂಬ್ಕೊಂಡು ಮುಚ್ಚೋಗತ್ತೆ. ರೋಗದ ಎಲೆನ ಗಿಡನೇ ಆಚೆ ಹಾಕ್ತಿರುವಾಗ ನಾವು ಹೋಗಿ ಫೆವಿಕಾಲ್ ಹಚ್ಚಿದಂಗೆ ಇದು!

ಪೀಚ್, ಚೆರ್ರಿ ಜಾತಿಲಿ ಇನ್ನೂ ಮಜಾ, ಇಡೀ ಎಲೆ ಬಿಡೋ ಬದ್ಲು ಸೋಂಕು ತಗುಲಿದ ಚುಕ್ಕೆನ ಮಾತ್ರ ಸುತ್ತ ಕತ್ತರಿಸಿ ಉದುರಿಸ್ತವೆ, ಎಲೆ ತುಂಬ ತೂತು ಉಳಿಯತ್ತೆ. ಅರಾಬಿಡಾಪ್ಸಿಸ್ ಅನ್ನೋ ಲ್ಯಾಬ್ ಗಿಡದಲ್ಲೂ ಸೂಡೋಮೋನಾಸ್ ಬ್ಯಾಕ್ಟೀರಿಯಾ ಬಿದ್ದ ಕಾಂಡದೆಲೆ ಉದುರೋದು ಒಂದು ರಕ್ಷಣೆನೇ ಅಂತ 2017ರಲ್ಲಿ ಪೇಪರ್ ಬಂದಿದೆ.

ಹಾಗಂತ ಉದುರಲಿ ಬಿಡು ಅಂತ ಕೂತ್ಕೊಳ್ಳೋಕಾಗಲ್ಲ, ಪೂರ್ತಿ ಬೋಳಾದ್ರೆ ಗಿಡ ಸೊರಗತ್ತೆ. ಬಿದ್ದಿರೋ ಎಲೆ ಆಯ್ದು ಎಸೀಬೇಕು, ಇಲ್ಲಾಂದ್ರೆ ಅದ್ರಲ್ಲೇ ಫಂಗಸ್ ಉಳ್ಕೊಂಡು ಮಳೆ ಹನಿ ಚಿಮ್ಮಿದಾಗ ವಾಪಸ್ ಮೇಲೇರತ್ತೆ, ಗಿಡ ಪಟ್ಟ ಕಷ್ಟ ಎಲ್ಲಾ ದಂಡ. ನೀರು ಬುಡಕ್ಕೆ ಹಾಕಿ, ಎಲೆ ಸುಮಾರು 7 ಗಂಟೆ ಒದ್ದೆ ಇದ್ರೆ ಸಾಕು ಈ ಕಪ್ಪು ಚುಕ್ಕೆ ಫಂಗಸ್ ಒಳಗೆ ಇಳಿಯೋಕೆ.

ತಗೊಳ್ಳೋರು ಡೋಸ್ ನೋಡ್ಕೊಳ್ಳಿ, ಆಕ್ಸಿನ್ ಜಾಸ್ತಿ ಆದ್ರೆ ಗಿಡದಲ್ಲಿ ಎಥಿಲೀನೇ ಹುಟ್ಟತ್ತೆ. ಸೇಬಿನ ತೋಟದಲ್ಲಿ ಹೆಚ್ಚಾದ ಮಿಡಿ ಉದುರಿಸೋಕೂ ಇದೇ ಎನ್‌ಎಎ ಹೊಡೀತಾರೆ, ಅದನ್ನ ಮಾತ್ರ ಬಾಟಲಿ ಮೇಲೆ ಬರ್ದಿಲ್ಲ. ಮುಚ್ಚಳ ಬೇರೆ ಸೋರತ್ತೆ.