ಐಎಸ್‌ಎಲ್ 2024–25 ವಿಮರ್ಶೆ: ಮೇಲಿನ ಆರು ಗಟ್ಟಿ, ಕೆಳಗಿನ ಏಳು ಸಡಿಲ

13 ಕ್ಲಬ್, ಒಂದೊಂದಕ್ಕೂ 24 ಲೀಗ್ ಪಂದ್ಯ, ಒಟ್ಟು 156. ಅದರ ಮೇಲೆ ಪ್ಲೇಆಫ್‌ನ ಏಳು. 2024ರ ಸೆಪ್ಟೆಂಬರ್ 13ಕ್ಕೆ ಶುರುವಾಗಿ 2025ರ ಏಪ್ರಿಲ್ 12ಕ್ಕೆ ಮುಗಿದ ಇಂಡಿಯನ್ ಸೂಪರ್ ಲೀಗ್‌ನ 11ನೇ ಆವೃತ್ತಿಯ ಲೆಕ್ಕ ಇದು. ಅಷ್ಟನ್ನೂ ಕೂತು ನೋಡುವುದು ಯಾರಿಗೂ ಆಗುವ ಮಾತಲ್ಲ, ಅದರ ಅಗತ್ಯವೂ ಇಲ್ಲ. ಈ ಸೀಸನ್‌ನಲ್ಲಿ ಒಳ್ಳೆಯ ಫುಟ್‌ಬಾಲ್ ಬೇಕಾದಷ್ಟಿತ್ತು. ಆದರೆ ಅದು ಅಂಕಪಟ್ಟಿಯ ಮೇಲಿನ ಅರ್ಧದಲ್ಲೇ ಗುಡ್ಡೆಯಾಗಿತ್ತು. ಅದಕ್ಕೆ ಆಟಗಾರರಿಗಿಂತ ಲೀಗ್‌ನ ಕಟ್ಟಳೆಯೇ ಹೆಚ್ಚು ಕಾರಣ.

ಮೊದಲು ಆ ಕಟ್ಟಳೆ ಅರ್ಥವಾಗಬೇಕು, ಹೊಸಬರು ಎಡವುವುದೇ ಅಲ್ಲಿ. ಈ ಸೀಸನ್‌ನಲ್ಲಿ ಗೆಲ್ಲಲು ಎರಡು ಪ್ರಶಸ್ತಿಗಳಿದ್ದವು. ಲೀಗ್ ಹಂತದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಲೀಗ್ ಶೀಲ್ಡ್. ಆಮೇಲಿನ ಪ್ಲೇಆಫ್ ಗೆದ್ದವರಿಗೆ ಐಎಸ್‌ಎಲ್ ಕಪ್. ಫೈನಲ್, ಪಟಾಕಿ, ವೇದಿಕೆ ಎಲ್ಲ ಕಪ್‌ಗೆ. ಏಷ್ಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂನಲ್ಲಿ ಸ್ಥಾನ ಮಾತ್ರ ಶೀಲ್ಡ್ ಗೆದ್ದವರಿಗೆ. ಕಪ್ ಗೆದ್ದರೆ ಏಷ್ಯಾದ ಬಾಗಿಲು ತೆರೆಯುತ್ತಿರಲಿಲ್ಲ. ಹಾಗಾಗಿ ಆರು ತಿಂಗಳ ದುಡಿಮೆಗೆ ಶೀಲ್ಡೇ ನಿಜವಾದ ಕೂಲಿ.

ಪ್ಲೇಆಫ್‌ಗೆ ಆರು ತಂಡ. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ. ಮೂರರಿಂದ ಆರರವರೆಗಿನವರಿಗೆ ಒಂದೇ ಪಂದ್ಯದ ನಾಕೌಟ್, ಅದೂ ಮೇಲಿನ ಸ್ಥಾನದವರ ತವರಿನಲ್ಲಿ. ಸೆಮಿಫೈನಲ್ ಎರಡು ಲೆಗ್ (ತವರಿನಲ್ಲೊಂದು, ಹೊರಗೊಂದು ಪಂದ್ಯ), ಒಟ್ಟು ಗೋಲುಗಳ ಲೆಕ್ಕ. ಅಂಕ ಸಮವಾದರೆ ಮೊದಲು ನೋಡುವುದು ಆ ತಂಡಗಳ ಪರಸ್ಪರ ಪಂದ್ಯಗಳನ್ನು, ಒಟ್ಟಾರೆ ಗೋಲು ವ್ಯತ್ಯಾಸವನ್ನಲ್ಲ. ಈ ಸಲ ಬೆಂಗಳೂರು ಎಫ್‌ಸಿ, ನಾರ್ತ್‌ಈಸ್ಟ್ ಯುನೈಟೆಡ್, ಜಮ್‌ಶೆಡ್‌ಪುರ ಎಫ್‌ಸಿ ಮೂರೂ 38 ಅಂಕದಲ್ಲಿ ನಿಂತವು. ಗೋಲು ವ್ಯತ್ಯಾಸದಲ್ಲಿ ನಾರ್ತ್‌ಈಸ್ಟ್ ಮುಂದಿದ್ದರೂ ಮೂರನೇ ಸ್ಥಾನ ಬೆಂಗಳೂರಿಗೆ ಬಂತು. ಪಟ್ಟಿ ನೋಡಿ ತಲೆ ಕೆರೆದುಕೊಂಡವರಿಗೆ ಉತ್ತರ ಇದೇ.

ಇನ್ನು ದೊಡ್ಡ ದೋಷ. ಎರಡನೇ ದರ್ಜೆಯ ಐ-ಲೀಗ್ ಗೆದ್ದವರು ಮೇಲೆ ಬರುತ್ತಿದ್ದರು, ಆದರೆ ಐಎಸ್‌ಎಲ್‌ನಿಂದ ಯಾರೂ ಕೆಳಗಿಳಿಯುತ್ತಿರಲಿಲ್ಲ. 2023ರಲ್ಲಿ ಪಂಜಾಬ್ ಬಂತು, 2024ರಲ್ಲಿ ಮೊಹಮ್ಮದನ್ ಸ್ಪೋರ್ಟಿಂಗ್ ಬಂತು, ಸಂಖ್ಯೆ 13ಕ್ಕೆ ಏರಿತು. ಬೆಸ ಸಂಖ್ಯೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕೂರಬೇಕಿತ್ತು. ಪಟ್ಟಿ ನೋಡಿದಾಗ ಒಬ್ಬರದ್ದು ಹತ್ತು ಪಂದ್ಯ, ಇನ್ನೊಬ್ಬರದ್ದು ಎಂಟು. ಯಾರು ನಿಜಕ್ಕೂ ಮುಂದಿದ್ದಾರೆ ಎಂದು ತಿಳಿಯಬೇಕಾದರೆ ಅಂಕದ ಕಾಲಂ ಬಿಟ್ಟು ಆಡಿದ ಪಂದ್ಯಗಳ ಕಾಲಂ ಮೊದಲು ನೋಡಬೇಕು. ಜನವರಿ ದಾಟಿದ ಮೇಲೆ ಕೆಳಗಿನ ನಾಲ್ಕೈದು ತಂಡಗಳಿಗೆ ಏರುವ ಆಸೆಯಿರಲಿಲ್ಲ, ಬೀಳುವ ಭಯವೂ ಇರಲಿಲ್ಲ. ಮೊಹಮ್ಮದನ್ 24ರಲ್ಲಿ ಗೆದ್ದದ್ದು ಎರಡೇ, ಗಳಿಸಿದ್ದು 13 ಅಂಕ. ಹೈದರಾಬಾದ್ 18. ಬೇರೆ ದೇಶದ ಲೀಗ್‌ನಲ್ಲಾಗಿದ್ದರೆ ಫೆಬ್ರುವರಿಯಲ್ಲಿ ಇವರ ಪಂದ್ಯಗಳೇ ಎಲ್ಲಕ್ಕಿಂತ ಬಿಸಿಯಾಗಿರುತ್ತಿದ್ದವು. ಇಲ್ಲಿ ಅವನ್ನು ನೋಡಲು ಅಭಿಮಾನ ಬಿಟ್ಟು ಬೇರೆ ಕಾರಣವಿರಲಿಲ್ಲ.

ಮೋಹನ್ ಬಾಗಾನ್ ಸೂಪರ್ ಜೈಂಟ್ ಬಗ್ಗೆ ದೂರು ಹೇಳಲು ಹೆಚ್ಚೇನೂ ಇಲ್ಲ. 17 ಗೆಲುವು, 5 ಡ್ರಾ, 2 ಸೋಲು, 56 ಅಂಕ. ಐಎಸ್‌ಎಲ್ ಲೀಗ್ ಹಂತದಲ್ಲಿ ಯಾರೂ ಇಷ್ಟು ಅಂಕ ಗಳಿಸಿರಲಿಲ್ಲ, ಶೀಲ್ಡ್ ಅನ್ನು ಸತತ ಎರಡನೇ ವರ್ಷ ಉಳಿಸಿಕೊಂಡವರೂ ಇರಲಿಲ್ಲ. ಹೊಡೆದದ್ದು 47, ಬಿಟ್ಟುಕೊಟ್ಟದ್ದು 16. ಆ ಎರಡು ಸೋಲೂ ಹೊರಗಿನ ಅಂಗಳದಲ್ಲಿ, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಗೋವಾದಲ್ಲಿ. ಕೋಚ್ ಹೋಸೆ ಮೊಲಿನಾ ಅವರ ತಂಡ ಕಣ್ಣಿಗೆ ಹಬ್ಬವೇನಲ್ಲ. ಜೇಮಿ ಮೆಕ್ಲಾರೆನ್, ಜೇಸನ್ ಕಮಿಂಗ್ಸ್, ದಿಮಿತ್ರಿ ಪೆಟ್ರಟೊಸ್, ಗ್ರೆಗ್ ಸ್ಟೀವರ್ಟ್ ಇದ್ದ ಮುಂಪಡೆಯ ಹೆಸರಿಗೇ ಎದುರಾಳಿ ನಡುಗಬೇಕು, ನಿಜ. ಆದರೆ ಪಂದ್ಯ ಬಿಗಿಯಾದಾಗ ಕೈಹಿಡಿದದ್ದು ಕಾರ್ನರ್ ಮತ್ತು ಫ್ರೀಕಿಕ್‌ಗಳು. ಟಾಮ್ ಆಲ್ಡ್ರೆಡ್, ಆಲ್ಬರ್ಟೊ ರೋಡ್ರಿಗಸ್‌ರಂಥ ಎತ್ತರದ ಡಿಫೆಂಡರ್‌ಗಳು ಎದುರಾಳಿಯ ಪೆಟ್ಟಿಗೆಯೊಳಗೆ ನಿಂತರೆ ಅವರನ್ನು ಕಾಯುವುದು ಕಷ್ಟ. ಲೆಫ್ಟ್ ಬ್ಯಾಕ್ ಆಡುವ ನಾಯಕ ಸುಭಾಶಿಷ್ ಬೋಸ್ ಆರು ಗೋಲು ಹೊಡೆದದ್ದು ಇದೇ ದಾರಿಯಲ್ಲಿ. ಹಿಂದೆ ಗೋಲ್‌ಕೀಪರ್ ವಿಶಾಲ್ ಕೈತ್, ಅತ್ಯುತ್ತಮ ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲವ್ ಅವರಿಗೇ. ಇನ್ನೊಂದು ಅನುಕೂಲವನ್ನೂ ಮರೆಯಬಾರದು: ಅಕ್ಟೋಬರ್‌ನಲ್ಲಿ ಇರಾನ್‌ನ ತಬ್ರೀಜ್‌ಗೆ ಪ್ರಯಾಣಿಸದ ಕಾರಣ ಏಷ್ಯಾದ ಟೂರ್ನಿಯಿಂದ ಹಿಂದೆ ಸರಿದಂತೆ ಏಷ್ಯಾದ ಫುಟ್‌ಬಾಲ್ ಒಕ್ಕೂಟ ಎಎಫ್‌ಸಿ ಪರಿಗಣಿಸಿತು. ಅಲ್ಲಿಂದಾಚೆಗೆ ವಾರದ ನಡುವಿನ ವಿದೇಶ ಪ್ರವಾಸದ ದಣಿವು ಇವರಿಗಿರಲಿಲ್ಲ.

ಎಫ್‌ಸಿ ಗೋವಾ 48 ಅಂಕದೊಂದಿಗೆ ಎರಡನೇ ಸ್ಥಾನ. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಆಡುವ ತಂಡ ಬೇಕೆಂದರೆ ಇದನ್ನೇ ನೋಡಿ. ಕೋಚ್ ಮನೋಲೊ ಮಾರ್ಕೆಸ್ ಇದೇ ಹೊತ್ತಿನಲ್ಲಿ ಭಾರತ ತಂಡದ ಹೊಣೆಯನ್ನೂ ಹೊತ್ತಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟ ಈ ಏರ್ಪಾಟು ಕ್ಲಬ್‌ಗೆ ಒಗ್ಗಿತು, ದೇಶಕ್ಕೆ ಒಗ್ಗಲಿಲ್ಲ. ಬ್ರೈಸನ್ ಫರ್ನಾಂಡಿಸ್ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ರೆಕ್ಕೆಯಿಂದ ಒಳಕ್ಕೆ ನುಗ್ಗುವ ಅವರ ಓಟಕ್ಕಾಗಿಯೇ ಗೋವಾದ ಪಂದ್ಯ ಹಾಕಬಹುದು.

ನಾರ್ತ್‌ಈಸ್ಟ್ ಯುನೈಟೆಡ್ ಎಂದರೆ ಮೊರಾಕ್ಕೊದ ಅಲಾದೀನ್ ಅಜಾರೈ. 23 ಗೋಲು. ಅದುವರೆಗೆ ಒಂದು ಸೀಸನ್‌ನ ದಾಖಲೆ 18, ಕೊರೊ ಮತ್ತು ಒಗ್ಬೆಚೆ ಹೆಸರಲ್ಲಿ. ತಂಡದ ಗೋಲುಗಳಲ್ಲಿ ಹತ್ತಿರಹತ್ತಿರ ಅರ್ಧ ಒಬ್ಬರ ಕಾಲಿನಿಂದಲೇ ಬಂದವು. ಬದಿಯಿಂದ ಒಳಗೆ ತಿರುಗಿ ಹೊಡೆಯುವುದು ಅವರ ಪಟ್ಟು. ಗೊತ್ತಿದ್ದರೂ ಬಹುತೇಕರಿಗೆ ತಡೆಯಲಾಗಲಿಲ್ಲ. ನಾಕೌಟ್‌ನಲ್ಲಿ ಖಾಲಿದ್ ಜಮೀಲ್ ಅವರ ಜಮ್‌ಶೆಡ್‌ಪುರ ಆ ದಾರಿ ಮುಚ್ಚಿತು, 2–0ಯಿಂದ ಗೆದ್ದಿತು. ಒಬ್ಬನ ಮೇಲೆ ನಿಂತ ತಂಡದ ಕಥೆ ಅಷ್ಟೇ. ಜಮ್‌ಶೆಡ್‌ಪುರದ್ದು ತದ್ವಿರುದ್ಧ: ಲೀಗ್‌ನಲ್ಲಿ ಹೊಡೆದದ್ದಕ್ಕಿಂತ ಬಿಟ್ಟುಕೊಟ್ಟ ಗೋಲುಗಳೇ ಹೆಚ್ಚು, ಡ್ರಾ ಎರಡೇ ಎರಡು. ಗೆದ್ದರೆ ಅಂಚಿನಲ್ಲಿ ಗೆಲುವು, ಸೋತರೆ ಭಾರಿ ಸೋಲು. ಸೌಂದರ್ಯ ಹುಡುಕುವವರು ಇತ್ತ ಬರಬೇಡಿ. ಕಡಿಮೆ ಸಂಪನ್ಮೂಲದಲ್ಲಿ ಪಂದ್ಯ ಹೇಗೆ ಗೆಲ್ಲುವುದು ಎಂದು ಕಲಿಯುವವರು ಬನ್ನಿ.

ಈಗ ಬೆಂಗಳೂರು ಎಫ್‌ಸಿ. ಹೆರಾರ್ಡ್ ಸರಗೋಸಾ ಅವರ ತಂಡ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ, ಕಂಠೀರವದಲ್ಲಿ ಮೋಹನ್ ಬಾಗಾನ್‌ಗೆ 3–0 ಬಾರಿಸಿತು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ 4–2ರಲ್ಲಿ 40 ವರ್ಷದ ಸುನಿಲ್ ಚೆಟ್ರಿ ಹ್ಯಾಟ್ರಿಕ್. ಸೀಸನ್‌ನಲ್ಲಿ ಅವರದ್ದು 14 ಗೋಲು, ಭಾರತೀಯರಲ್ಲಿ ಅತಿ ಹೆಚ್ಚು. ಇದು ಹೆಮ್ಮೆಯ ವಿಷಯ ಎನ್ನುವುದರ ಜೊತೆಗೆ, ಲೀಗ್‌ನ ಉಳಿದ ಭಾರತೀಯ ಸ್ಟ್ರೈಕರ್‌ಗಳ ಗತಿಯೇನು ಎಂಬ ಪ್ರಶ್ನೆಯೂ ಹೌದು. ಏಕಕಾಲಕ್ಕೆ ಅಂಗಳದಲ್ಲಿ ನಾಲ್ಕು ವಿದೇಶಿಯರಿಗೆ ಅವಕಾಶವಿದೆ. ಕ್ಲಬ್‌ಗಳು ಅದರಲ್ಲಿ ಒಬ್ಬನನ್ನು ತಪ್ಪದೆ ಸ್ಟ್ರೈಕರ್ ಜಾಗಕ್ಕೆ ಹಾಕುತ್ತವೆ, ಭಾರತೀಯ ಹುಡುಗ ರೆಕ್ಕೆಗೆ ಸರಿಯುತ್ತಾನೆ ಇಲ್ಲವೇ ಬೆಂಚಿಗೆ.

ಬೆಂಗಳೂರಿನ ರೋಗವೂ ಕಣ್ಣಿಗೆ ಕಾಣುವಂಥದ್ದೇ. ಚೆಂಡು ತಮ್ಮ ಬಳಿ ಇದ್ದಾಗ ಇಬ್ಬರೂ ಬ್ಯಾಕ್‌ಗಳು ಮೇಲೇರುತ್ತಾರೆ. ನಡುವೆ ಒಂದು ಪಾಸ್ ತಪ್ಪಿದರೆ ಹಿಂದೆ ಬಯಲೋ ಬಯಲು. ಎದುರಾಳಿ ಆಳಕ್ಕೆ ಸರಿದು ಗೋಡೆ ಕಟ್ಟಿದರೆ ಒಡೆಯಲು ಉಪಾಯ ಕಡಿಮೆ. ಮೊಹಮ್ಮದನ್‌ನ ಎರಡು ಗೆಲುವುಗಳಲ್ಲಿ ಒಂದು ಬಂದದ್ದು ಜನವರಿ 11ರಂದು ಕಂಠೀರವದಲ್ಲೇ, ಕೊನೆಗಳಿಗೆಯಲ್ಲಿ ಕಾಸಿಮೊವ್ ಹೊಡೆದ ಫ್ರೀಕಿಕ್‌ನಿಂದ. ಮಾರ್ಚ್ 11ರಂದು ಅದೇ ಅಂಗಳದಲ್ಲಿ ಮುಂಬೈ ಸಿಟಿ 2–0ಯಿಂದ ಗೆದ್ದು ಆರನೇ ಸ್ಥಾನ ಹಿಡಿಯಿತು. ಹದಿನೆಂಟು ದಿನದ ಮೇಲೆ ನಾಕೌಟ್‌ಗೆ ಅಲ್ಲಿಗೇ ಮರಳಿ ಬಂದು 5–0ಯಿಂದ ಮಣ್ಣು ಮುಕ್ಕಿತು. ಇಂಥ ಏರಿಳಿತ ರೋಚಕ, ಸರಿ. ಆದರೆ ಶೀಲ್ಡ್ ಗೆಲ್ಲುವ ತಂಡದ ಲಕ್ಷಣ ಇದಲ್ಲ.

ಉಳಿದವರು ಬೇಗ ಮುಗಿಯುತ್ತಾರೆ. ಸೆರ್ಜಿಯೊ ಲೊಬೆರಾ ಅವರ ಒಡಿಶಾ 33 ಅಂಕದೊಂದಿಗೆ ಹೊಸ್ತಿಲಲ್ಲೇ ನಿಂತಿತು. ಕೇರಳ ಬ್ಲಾಸ್ಟರ್ಸ್ ಡಿಸೆಂಬರ್‌ನಲ್ಲಿ ಕೋಚ್ ಮಿಕಾಯೆಲ್ ಸ್ಟಾರೆ ಅವರನ್ನು ಕಳಿಸಿ ಎಂಟನೆಯದಾಯಿತು. ಈಸ್ಟ್ ಬೆಂಗಾಲ್ ಮೊದಲ ಆರೂ ಪಂದ್ಯ ಸೋತಿತು, ಆಮೇಲೆ ಓಡಿದರೂ ರೈಲು ಹೋಗಿಯಾಗಿತ್ತು. ಆದರೂ ನವೆಂಬರ್‌ನಲ್ಲಿ ಮೊಹಮ್ಮದನ್ ವಿರುದ್ಧ ಅರ್ಧ ಗಂಟೆಯೊಳಗೆ ಇಬ್ಬರು ಕೆಂಪು ಕಾರ್ಡ್ ಕಂಡ ಮೇಲೂ ಒಂಬತ್ತೇ ಜನ 0–0 ಉಳಿಸಿಕೊಂಡ ಪಂದ್ಯ ರಕ್ಷಣೆಯ ಪಾಠ. ಪಂಜಾಬ್, ಚೆನ್ನೈಯಿನ್ ಬಗ್ಗೆ ಹೇಳಲು ಹೆಚ್ಚಿಲ್ಲ. ಹೈದರಾಬಾದ್ ಕ್ಲಬ್ ಸೀಸನ್ ಮುಗಿದ ಮೇಲೆ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತು, ಊರಿನವರಿಗೆ ತಂಡವೇ ಇಲ್ಲದಾಯಿತು.

ಪ್ರಸಾರದ ವಿಷಯ. ಸೀಸನ್ ಶುರುವಾದದ್ದು ಜಿಯೋಸಿನಿಮಾದಲ್ಲಿ, ಮುಗಿದದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ. ಫೆಬ್ರುವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಆ್ಯಪ್‌ಗಳು ಒಂದಾದಾಗ ಹಳೆಯ ಕೊಂಡಿಗಳನ್ನು ಇಟ್ಟುಕೊಂಡವರು ಪಂದ್ಯ ಹುಡುಕಾಡಬೇಕಾಯಿತು. ಬಹುಪಾಲು ಪಂದ್ಯ ಸಂಜೆ ಏಳೂವರೆಗೆ, ದಿನಕ್ಕೆರಡು ಇದ್ದರೆ ಮೊದಲಿನದು ಐದಕ್ಕೆ. ಐದರ ಪಂದ್ಯದ ಮೊದಲರ್ಧದಲ್ಲಿ ವೇಗ ಕಡಿಮೆಯಾದರೆ ಆಟಗಾರರನ್ನು ಬೈಯಬೇಡಿ, ಸೆಪ್ಟೆಂಬರ್–ಅಕ್ಟೋಬರ್‌ನ ಕರಾವಳಿ ಊರುಗಳ ಸೆಕೆ ಹಾಗಿರುತ್ತದೆ. ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇರಲಿಲ್ಲ. ಮನೆಯಲ್ಲಿ ಕೂತವರಿಗೆ ಮರುಪ್ರಸಾರದಲ್ಲಿ ಆಫ್‌ಸೈಡ್ ಢಾಳಾಗಿ ಕಾಣುತ್ತಿತ್ತು, ಅಂಗಳದ ರೆಫರಿಗೆ ಆ ಅನುಕೂಲವಿರಲಿಲ್ಲ. ವೃತ್ತಿಪರ ಲೀಗ್ ಎಂದು ಕರೆದುಕೊಂಡು 11ನೇ ವರ್ಷದಲ್ಲೂ ಇದೊಂದನ್ನು ತರಲಾಗದ್ದು ನಾಚಿಕೆಗೇಡು.

ಕಂಠೀರವಕ್ಕೆ ಹೋಗುವವರು ಗಮನಿಸಬೇಕಾದದ್ದು ಓಟದ ಟ್ರ್ಯಾಕ್. ಅದು ಆಸನಗಳಿಗೂ ಅಂಗಳಕ್ಕೂ ನಡುವೆ ಬರುತ್ತದೆ, ಗೋಲುಪೆಟ್ಟಿಗೆಯ ಹಿಂದಿನ ತಿರುವಿನಲ್ಲಿ ದೂರ ಇನ್ನೂ ಹೆಚ್ಚು. ಅಲ್ಲಿ ಕೂತರೆ ಈ ತುದಿಯ ಗೋಲು ಕಂಡೀತು, ಆ ತುದಿಯ ಆಟ ಊಹೆಯೇ. ಬದಿಯ ಸ್ಟ್ಯಾಂಡ್‌ನಲ್ಲಿ ಮೇಲಿನ ಸಾಲು ತೆಗೆದುಕೊಳ್ಳಿ: ಕೆಳಗಿನ ಸಾಲಿಗಿಂತ ಆಟದ ಆಕಾರ ಸ್ಪಷ್ಟ. ಪಶ್ಚಿಮದಲ್ಲಿ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಇರುವ ಭಾಗಕ್ಕೆ ಟಿಕೆಟ್ ಕೊಂಡರೆ 90 ನಿಮಿಷವೂ ನಿಂತೇ ಇರಬೇಕಾದೀತು, ಚಿಕ್ಕ ಮಕ್ಕಳಿದ್ದರೆ ಬೇರೆ ಕಡೆ ನೋಡಿ. ಕಾರಿಗಿಂತ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದು ಬರುವುದು ಸಲೀಸು. ಏಳೂವರೆಯ ಪಂದ್ಯ ಒಂಬತ್ತೂವರೆ ಹೊತ್ತಿಗೆ ಮುಗಿದಿರುತ್ತದೆ.

ಮತ್ತೊಮ್ಮೆ ನೋಡಬೇಕಾದ ಪಂದ್ಯ ನಾಲ್ಕು. ಫೆಬ್ರುವರಿ 23ರ ಮೋಹನ್ ಬಾಗಾನ್–ಒಡಿಶಾ: 93ನೇ ನಿಮಿಷದಲ್ಲಿ ಪೆಟ್ರಟೊಸ್ ಗೋಲು, ಶೀಲ್ಡ್ ಖಚಿತ. ಏಪ್ರಿಲ್ 7ರ ಸೆಮಿಫೈನಲ್‌ನ ಎರಡನೇ ಲೆಗ್: ಜಮ್‌ಶೆಡ್‌ಪುರದ ಕೋಟೆ ಹೆಚ್ಚುವರಿ ಸಮಯಕ್ಕೆ ಎಳೆಯುತ್ತಿದೆ ಎನ್ನುವಾಗ ಮೋಹನ್ ಬಾಗಾನ್‌ನ ಅಪುಯಾ ದೂರದಿಂದ ಬಿಟ್ಟ ಹೊಡೆತ. ಏಪ್ರಿಲ್ 12ರ ಮೋಹನ್ ಬಾಗಾನ್–ಬೆಂಗಳೂರು ಫೈನಲ್, ಕೋಲ್ಕತ್ತದ ಸಾಲ್ಟ್ ಲೇಕ್: ರಯಾನ್ ವಿಲಿಯಮ್ಸ್ ಕ್ರಾಸ್‌ಗೆ ಆಲ್ಬರ್ಟೊ ಸ್ವಂತ ಗೋಲು, ಬೆಂಗಳೂರು ಮುಂದೆ, ಚಿಂಗ್ಲೆನ್‌ಸನಾ ಕೈಗೆ ಚೆಂಡು ತಾಗಿ ಪೆನಾಲ್ಟಿ, ಕಮಿಂಗ್ಸ್ ಸಮ, 96ರಲ್ಲಿ ಮೆಕ್ಲಾರೆನ್, 2–1. ಇಡೀ ಪಂದ್ಯಕ್ಕೆ ಪುರುಸೊತ್ತಿಲ್ಲದವರು ಏಪ್ರಿಲ್ 6ರಂದು ಗೋವಾದ ಫತೋರ್ಡದಲ್ಲಿ ನಡೆದ ಗೋವಾ–ಬೆಂಗಳೂರು ಸೆಮಿಫೈನಲ್‌ನ ಎರಡನೇ ಲೆಗ್ ಅನ್ನು 85ನೇ ನಿಮಿಷದಿಂದ ಹಾಕಿ. ಮೊದಲ ಲೆಗ್ ಬೆಂಗಳೂರಿಗೆ 2–0. ಇಲ್ಲಿ ಬೋರ್ಹಾ ಒಂದು ಹೊಡೆದಾಗಿದೆ, 88ರಲ್ಲಿ ಸಾದಿಕು ಇನ್ನೊಂದು, ಲೆಕ್ಕ ಸಮ. ನಾಲ್ಕು ನಿಮಿಷದ ಮೇಲೆ ನಾಮ್‌ಗ್ಯಾಲ್ ಭುಟಿಯಾ ಬಲಗಡೆಯಿಂದ ಕಳಿಸಿದ ಚೆಂಡಿಗೆ ಚೆಟ್ರಿ ತಲೆ ಕೊಟ್ಟರು.