ಚಾಲಿ ಸುಲಿಯುವ ಧೂಳು: ಕೈ ಸುಲಿತವೋ, ಶೆಡ್ಡಿನ ಮೆಷಿನೋ, ಬಾಡಿಗೆ ಮೆಷಿನೋ?

ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಹಣ್ಣಡಿಕೆ, ಸುಲಿಯುವ ದಿನ ಮನೆಯವರೆಲ್ಲ ಕೆಮ್ಮುತ್ತಾರೆ. ಪುತ್ತೂರು, ಸುಳ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಡಿಕೆ ಅಂಗಳದಲ್ಲಿ ಸುಮಾರು 40 ದಿನ ಬಿಸಿಲು ಕಂಡಿರುತ್ತದೆ. ಸಿಪ್ಪೆ ಬಿಡಿಸಿದ ಕೂಡಲೇ ನಾರಿನ ಪುಡಿ, ಅಂಗಳದ ಮಣ್ಣು, ಒಣಗುವಾಗ ಹಿಡಿದ ಬೂಷ್ಟು ಎಲ್ಲ ಒಟ್ಟಿಗೆ ಏಳುತ್ತದೆ. ನಮ್ಮಲ್ಲಿ ಮೂರು ಥರ ಸುಲಿಸಿ ನೋಡಿದ್ದೇವೆ. ರೇಟು, ವೇಗದ ಚರ್ಚೆ ಎಲ್ಲ ಕಡೆ ಇದ್ದದ್ದೇ, ಇಲ್ಲಿ ಧೂಳಿನ ಲೆಕ್ಕ ಮಾತ್ರ.

ಕೈ ಸುಲಿತದಲ್ಲಿ ಧೂಳು ಕಡಿಮೆ, ಅದರಲ್ಲಿ ಎರಡು ಮಾತಿಲ್ಲ. ಅಡಿಕೆಯೂ ಒಡೆಯುವುದಿಲ್ಲ. ಆದರೆ ಇರುವ ಧೂಳು ಸುಲಿಯುವವರ ಮೂಗಿನ ಕೆಳಗೇ ಇರುತ್ತದೆ. ಹೆಚ್ಚಾಗಿ ಮಳೆಗಾಲದಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತು ಮಾಡುವ ಕೆಲಸ ಬೇರೆ. ಈಗಂತೂ ಜನ ಸಿಗುವುದೇ ಕಷ್ಟ, ಮನೆ ಖರ್ಚಿನಷ್ಟು ಅಡಿಕೆಗೆ ಸಾಕು.

ಶೆಡ್ಡಿನಲ್ಲಿಟ್ಟ ಸಣ್ಣ ಕರೆಂಟ್ ಮೆಷಿನ್ ನನ್ನ ಪ್ರಕಾರ ಮೂರರಲ್ಲೂ ಕೆಟ್ಟದ್ದು. ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೂ ಅಷ್ಟೇ. ಫ್ಯಾನ್ ಇರುವುದು ಮೇಲೆ, ಧೂಳು ಏಳುವುದು ಮೊಣಕಾಲಿನ ಮಟ್ಟದಲ್ಲಿ. ಅದು ಫ್ಯಾನಿಗೆ ಹೋಗುವ ದಾರಿಯಲ್ಲೇ ನಮ್ಮ ಮುಖ ಸಿಗುತ್ತದೆ! ಮಧ್ಯಾಹ್ನದ ಹೊತ್ತಿಗೆ ಹಂಚಿನ ಅಡಿಯ ಜೇಡರ ಬಲೆಗಳೆಲ್ಲ ಕಂದು ಹಗ್ಗದಷ್ಟು ದಪ್ಪ. ಮಳೆಯಲ್ಲೂ ಕೆಲಸ ನಡೆಯುತ್ತದೆ ಅನ್ನುವುದೊಂದೇ ಲಾಭ.

ಪಿಕಪ್‌ನಲ್ಲಿ ಬರುವ ದೊಡ್ಡ ಬಾಡಿಗೆ ಮೆಷಿನ್ ನೋಡಿದರೆ ಹೆದರಿಕೆಯಾಗುತ್ತದೆ. ಧೂಳು ಎಬ್ಬಿಸುವುದರಲ್ಲಿ ಅದೇ ಮುಂದೆ. ಆದರೂ ಕೆಲಸ ಬಯಲಲ್ಲಿ ಅಲ್ವಾ? ಸರಿಯಾಗಿ ನಿಲ್ಲಿಸಿದರೆ ಉಸಿರಿಗೆ ಸಿಗುವುದು ಶೆಡ್ಡಿಗಿಂತ ಕಡಿಮೆ. ಇಲ್ಲಿ ಗಾಳಿ ನೋಡಬೇಕು. ನಮ್ಮ ಕಡೆ ಬೇಸಗೆಯಲ್ಲಿ ಬೆಳಗ್ಗೆ ಪೂರ್ವದ ಗಾಳಿ, ಮಧ್ಯಾಹ್ನ ಕಳೆದ ಮೇಲೆ ಪಡುವಣದ ಕಡಲ ಗಾಳಿ. ಬೆಳಗ್ಗೆ ಸಿಪ್ಪೆ ಪಡುವಣಕ್ಕೆ ಬೀಳುವ ಹಾಗೆ ನಿಲ್ಲಿಸಿದರೆ ಊಟದ ತನಕ ಆರಾಮ. ಆಮೇಲೆ ಗಾಳಿ ತಿರುಗುತ್ತದೆ, ಪುಡಿಯೆಲ್ಲ ಅಡಿಕೆ ಆರಿಸುವ ಹೆಂಗಸರ ಮೇಲೆ ಬರುತ್ತದೆ. ಆದ್ದರಿಂದ ಏಳು ಗಂಟೆಗೇ ಶುರು ಮಾಡಿಸುತ್ತೇವೆ. ಮಧ್ಯಾಹ್ನ ಮೇಲೂ ಉಳಿದರೆ ಗಾಡಿ ತಿರುಗಿಸಿ ಅಂತ ಹಠ ಹಿಡಿಯುತ್ತೇನೆ. ಮೆಷಿನ್‌ನವರು ಗೊಣಗುತ್ತಾರೆ, ಗೊಣಗಲಿ.

ಮೆಷಿನ್‌ನಲ್ಲಿ ಸಿಪ್ಪೆ ಊದಿ ಹಾರಿಸುವ ಬ್ಲೋವರ್ ವೇಗವನ್ನೂ ಇಳಿಸಿ ನೋಡಿದೆವು. ಇದು ಕ್ಯಾಲಿಫೋರ್ನಿಯಾದ ಬಾದಾಮಿ ತೋಟದವರಿಂದ ಕಲಿತದ್ದು. ಅಲ್ಲಿ ಮರ ಅಲುಗಾಡಿಸಿ ಕಾಯಿ ಬೀಳಿಸುತ್ತಾರೆ. ನೆಲದಲ್ಲೇ ಒಣಗಿಸಿ, ಮೆಷಿನ್‌ನಲ್ಲಿ ಗುಡಿಸಿ ಎತ್ತುತ್ತಾರೆ. ಧೂಳು ಅಂದರೆ ಧೂಳು! ಕೊಯ್ಲಿನ ಧೂಳನ್ನು 2025ರೊಳಗೆ ಅರ್ಧಕ್ಕೆ ಇಳಿಸುವ ಗುರಿಯನ್ನು ಅಲ್ಲಿನ ಬಾದಾಮಿ ಮಂಡಳಿ ಹಾಕಿಕೊಂಡಿತ್ತು. ಗುಡಿಸುವ ಬ್ರಷ್ ಮಣ್ಣು ಕೆರೆಯಬಾರದು, ಫ್ಯಾನ್ ನಿಧಾನ ಇರಲಿ, ಗಾಡಿಯೂ ನಿಧಾನ ಓಡಲಿ ಅನ್ನುವುದು ಅಲ್ಲಿಯ ಉಪಾಯ. ನಮ್ಮಲ್ಲೂ ಧೂಳು ಇಳಿಯಿತು. ಆದರೆ ಅಡಿಕೆಯ ಜೊತೆ ನಾರು ಜಾಸ್ತಿ ಬಂದು ಆರಿಸುವ ಕೆಲಸ ಹೆಚ್ಚಾಯಿತು. ಸ್ವಲ್ಪ ಇಳಿಸಬಹುದು, ತುಂಬಾ ಬೇಡ.

ಧೂಳಿನ ಮೂಲ ಮಾತ್ರ ಅಂಗಳದಲ್ಲೇ ಇದೆ. ಸಗಣಿ ಸಾರಿಸಿದ ಅಂಗಳದ ಅಡಿಕೆ ಮತ್ತು ಪಾಲಿಹೌಸ್‌ನಲ್ಲಿ ಶೀಟಿನ ಮೇಲೆ ಒಣಗಿದ ಅಡಿಕೆ, ಎರಡನ್ನೂ ಒಂದೇ ಮೆಷಿನ್‌ಗೆ ಒಂದರ ಹಿಂದೆ ಒಂದು ಹಾಕಿಸಿದ್ದೇವೆ. ಅಂಗಳದ್ದರಲ್ಲಿ ಬೂದು ಮೋಡವೇ ಎದ್ದಿತು. ಪಾಲಿಹೌಸಿನದ್ದರಲ್ಲಿ ನಾರಿನ ಪುಡಿ ಬಿಟ್ಟರೆ ಹೆಚ್ಚೇನಿಲ್ಲ. ಅಕಾಲ ಮಳೆಗೆ ನೆನೆಯದ ಕಾರಣ ಬೂಷ್ಟೂ ಕಡಿಮೆ. ಪಾಲಿಹೌಸ್ ದುಡ್ಡಿನ ಬಾಬ್ತು ನಿಜ. ಆಗದಿದ್ದರೆ ಅಂಗಳಕ್ಕೆ ಟಾರ್ಪಾಲಾದರೂ ಹಾಸಿ. ಉದುರಡಿಕೆಯನ್ನು ಬೇರೆಯೇ ಒಣಗಿಸಿ, ಹೆಚ್ಚು ಮಣ್ಣು ಬರುವುದು ಅದರಲ್ಲೇ. ಧೂಳು ಕೂರಲಿ ಅಂತ ಅಡಿಕೆಗೆ ನೀರು ಚಿಮುಕಿಸುವವರಿದ್ದಾರೆ, ದಯವಿಟ್ಟು ಬೇಡ. ಚಾಲಿಗೆ ಪಸೆ ಹಿಡಿದರೆ ರೇಟು ಹೋಯಿತು.

ಮುಖಕ್ಕೆ ಬೈರಾಸು ಸುತ್ತಿದರೆ ನಾರು ತಡೆಯುತ್ತದೆ, ಸಣ್ಣ ಪುಡಿ ಒಳಗೆ ಹೋಗಿಯೇ ಹೋಗುತ್ತದೆ. ಎನ್95 ಮಾಸ್ಕ್ ಒಳ್ಳೆಯದು. ಸೆಕೆಗೆ ಅರ್ಧ ಗಂಟೆಯಲ್ಲಿ ತೆಗೆದು ಕುತ್ತಿಗೆಗೆ ಇಳಿಸುತ್ತಾರೆ, ಏನು ಮಾಡುವುದು? ಅಡಿಕೆ ಬೀಳುವ ಬಾಯಿಯ ಹತ್ತಿರ ಕೂರುವವರಿಗಾದರೂ ಕಡ್ಡಾಯ ಮಾಡಿ, ಆ ಜಾಗಕ್ಕೆ ಜನರನ್ನು ಬದಲಾಯಿಸುತ್ತಾ ಇರಿ.

ಈ ಸಲವೂ ನಮ್ಮದು ಬಾಡಿಗೆ ಮೆಷಿನ್ನೇ. ನೀವೂ ಅದನ್ನೇ ಕರೆಸುವುದಾದರೆ ಫೋನಿನಲ್ಲೇ ಕೇಳಿಕೊಳ್ಳಿ: ಸಿಪ್ಪೆ ಗಾಡಿಯ ಯಾವ ಬದಿಗೆ ಬೀಳುತ್ತದೆ, ಬೆಳಗ್ಗೆ ಎಷ್ಟು ಗಂಟೆಗೆ ಬರುತ್ತಾರೆ. ಹತ್ತು ಗಂಟೆಗೆ ಬರುತ್ತೇವೆ ಅಂದರೆ ಮರುದಿನಕ್ಕೆ ಹೇಳಿ.